ನಡನೋವೂ ನಡುಹಗಲ ಬಿಸಿಲೂ

ನಮ್ಮ ಅಗರಖೇಡದಲ್ಲಿ ಬಿಸಿಲಿಗೆ ಬರವಿದೆಯೆಂದು ಯಾರಾದರೂ ಹೇಳಿದರೆ ಕೇಳಿದವರು ನಕ್ಕಾರು. ಇಂಡಿ ತಾಲೂಕಿನ ಈ ಊರು ಭೀಮಾನದಿಯ ದಂಡೆಯ ಮೇಲಿರುವದು. ಸುತ್ತಲೂ ಎರೆಯ ಭೂಮಿ, ಗಿಡಮರಗಳು ಕಡಿಮೆ. ಚೈತ್ರ ವೈಶಾಖಗಳಲ್ಲಿ ಸೂರ್ಯನು ನೆತ್ತಿಗೆ ಬಂದನೆಂದರೆ ನಾಯಿ ಸಹ ನೆರಳು ಬಿಟ್ಟು ಕದಲಲಾರದು. ಇಂಥ ಊರಿನಲ್ಲಿ, ಅದೂ ನಮ್ಮ ಮನೆಯಲ್ಲಿಯೇ, ಬಿಸಿಲಿನಿಂದ ದೊರೆಯತಕ್ಕ ಒಂದು ಜೀವಸತ್ವದ ಕೊರತೆಯಾಗಿ ಒಬ್ಬರು ನೆಲ ಹಿಡಿದರು. ಆ ಬಳಿಕ ಅದೇ ಜೀವಸತ್ವವು ಅತಿಯಾಗಿ ಅವರ ಜೀವಕ್ಕೆ ಕುತ್ತು ಬಂದಿತು. ಮೊದಲನೆಯದಕ್ಕೆ ನಮ್ಮ ಮನೆಯ ರೂಢಿಗಳು ಕಾರಣ. ಎರಡನೆಯದಕ್ಕೆ ನಾನೊಬ್ಬನೇ ಕಾರಣ. ನಾಲ್ಕು ಜನ ಓದುವ ಮಾಸಪತ್ರಿಕೆಯಲ್ಲಿ ಇದನ್ನು ಬರೆಯುವದಕ್ಕೆ ಸಂಕೋಚವಾಗುತ್ತದೆ. ಆದರೆ ನಾನು ಕೈಕೊಂಡಂಥ ಪ್ರಯೋಗವನ್ನು ಇನ್ನೂ ಎಷ್ಟೋ ಮನೆಗಳಲ್ಲಿ ಕೈಕೊಳ್ಳುತ್ತಿರುವದನ್ನು ಕಣ್ಣಾರೆ ಕಂಡಿರುವದರಿಂದ ಬರೆಯುತ್ತೇನೆ.

ನೆಲ ಹಿಡಿದವರು ನನ್ನ ವೈನಿ, ಅಂದರೆ ಹಿರಿಯಣ್ಣನ ಹೆಂಡತಿ. ಅವರು ಸೊಸೆಯಾಗಿ ಬಂದಾಗ ನಾನು ಎಂಟು ವರುಷದ ಹುಡುಗ. ನನ್ನ ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಲೆಗೆ ಕಳಿಸಿದವರೂ, ನಾನು ಮಾಸ್ತರನಾದಾಗ ಊರಿಗೆಲ್ಲ ಸಕ್ಕರೆ ಹಂಚಿದವರೂ ಅವರೇ. ತಾವು ಮಾತ್ರ ಸಾಲೆಯ ಮೆಟ್ಟಿಲು ಹತ್ತಿದವರಲ್ಲ. ಈಗಲೂ ನನ್ನನ್ನು ತಮ್ಮಾ ಎಂತಲೇ ಕರೆಯುತ್ತಾರೆ.

2020ನೆಯ ಇಸವಿಯ ಅಕ್ಟೋಬರದಲ್ಲಿ ಭೀಮೆಗೆ ಮಹಾಪೂರ ಬಂದದ್ದು ಈ ಭಾಗದ ಜನರಿಗೆಲ್ಲ ನೆನಪಿರುವದು. ನದೀದಂಡೆಯ ಊರುಗಳಲ್ಲಿ ನಿಂತ ಬೆಳೆಯು ನೀರಿನ ಪಾಲಾಯಿತು. ಆ ರಾತ್ರಿ ನಮ್ಮ ಮನೆಯೊಳಗಿನ ಕಾಳಿನ ಚೀಲಗಳನ್ನು ಮಾಳಿಗೆಗೆ ಏರಿಸುವಾಗ ವೈನಿಯವರೂ ಕೈಗೂಡಿಸಿದರು. ತಮ್ಮ ನಡವು ಅಂದೇ ಮುರಿಯಿತೆಂದು ಅವರು ಇಂದಿಗೂ ನಂಬಿದ್ದಾರೆ. ಆದರೆ ಹಿಂದಿನ ಮೂವತ್ತು ನಾಲ್ವತ್ತು ವರುಷ ಅವರು ಹೊತ್ತ ಕೊಡಗಳ ಲೆಕ್ಕವನ್ನು ಯಾರು ಇಟ್ಟಿದ್ದಾರೆ? ಮುಂದಿನ ಎರಡು ವರುಷ ನೋವು ಬರುವದು, ಎಣ್ಣೆ ತಿಕ್ಕಿದರೆ ಹೋಗುವದು, ಮತ್ತೆ ಬರುವದು, ಹೀಗೆ ನಡೆಯಿತು. 2022ರ ದೀಪಾವಳಿಯ ಹೊತ್ತಿಗೆ ನೋವು ಎಡಗಾಲಿಗೆ ಇಳಿಯಿತು. ಡಿಸೆಂಬರದ ಎಳ್ಳಮಾವಾಸ್ಯೆಗೆ ಮನೆಮಂದಿಯೆಲ್ಲ ಸಜ್ಜಿಯ ರೊಟ್ಟಿ, ಶೇಂಗಾದ ಹೋಳಿಗೆ ಕಟ್ಟಿಕೊಂಡು ಹೊಲಕ್ಕೆ ಚರಗ ಚೆಲ್ಲಲು ಹೋದರೆ, ವೈನಿಯವರು ಪಡಸಾಲೆಯ ಕಂಬಕ್ಕೆ ಒರಗಿ ಕುಳಿತು ಮನೆ ಕಾದರು. ಅವರು ಈ ಮನೆಗೆ ಬಂದಂದಿನಿಂದ ಚರಗ ತಪ್ಪಿಸಿದ್ದು ಅದೇ ಮೊದಲು. ಸಂಜೆ ನಾವು ತಿರುಗಿ ಬಂದಾಗ ಅವರ ಕಣ್ಣು ಕೆಂಪಾಗಿದ್ದವು. ಅಣ್ಣನು ಏನೂ ಮಾತಾಡದೆ ದನಗಳಿಗೆ ಮೇವು ಹಾಕಲು ಹೋದನು.

ಸಂಕ್ರಾಂತಿಯಾಗುತ್ತಲೆ ಪಟ್ಟಣಕ್ಕೆ ಕರೆದುಕೊಂಡು ಹೋದೆವು. ಎಂ.ಆರ್.ಐ. ಚಿತ್ರ ತೆಗೆಸಿದ್ದಾಯಿತು. ನಡುವಿನ ನಾಲ್ಕನೆಯ ಮತ್ತು ಐದನೆಯ ಎಲುಬುಗಳ ನಡುವಿನ ಡಿಸ್ಕು ಒಣಗಿ ಹಿಂದಕ್ಕೆ ಉಬ್ಬಿ, ಕಾಲಿಗೆ ಹೋಗುವ ನರವನ್ನು ಒತ್ತುತ್ತಿದೆಯೆಂದು ವೈದ್ಯರು ಹೇಳಿದರು. ಅವರ ಮೇಜಿನ ಮೇಲೆ ಬೆನ್ನೆಲುಬಿನ ಒಂದು ಮಾದರಿಯಿತ್ತು. ಅದನ್ನು ಮುಂದಿಟ್ಟುಕೊಂಡು ಬಹಳ ತಾಳ್ಮೆಯಿಂದ ತಿಳಿಸಿದರು. ವೈನಿಯವರು ಎಲ್ಲವನ್ನೂ ಕೇಳಿ, “ಅಂದರ ಸಿಂಬಿ ಸವದೈತಿ ಅನ್ರಿ ಹಂಗಾರ” ಎಂದರು. ವೈದ್ಯರು ನಕ್ಕು, ತಾವು ಹತ್ತು ವರುಷದಿಂದ ಹುಡುಕುತ್ತಿದ್ದ ಹೋಲಿಕೆ ಇದೇ ಎಂದರು.

ನಿಜಕ್ಕೂ ಇದಕ್ಕಿಂತ ಒಳ್ಳೆಯ ಹೋಲಿಕೆ ಇಲ್ಲ. ಕೊಡದ ಮೇಲೆ ಕೊಡವಿಟ್ಟಂತೆ ಎಲುಬಿನ ಮೇಲೆ ಎಲುಬನ್ನು ಇಟ್ಟು, ನಡುನಡುವೆ ಒಂದೊಂದು ಮೆತ್ತನೆಯ ಸಿಂಬಿಯನ್ನು ಸಿಕ್ಕಿಸಿದ ರಚನೆ ನಮ್ಮ ಬೆನ್ನು. ಇಂಥ ಸಿಂಬಿಗಳು 23 ಇವೆ. ಪ್ರತಿಯೊಂದರ ಹೊರಭಾಗವು ಉಳ್ಳಾಗಡ್ಡಿಯ ಪದರಗಳಂತೆ ಸುತ್ತುಸುತ್ತಾದ ನಾರು. ಒಳಗೆ, ನೆನೆಹಾಕಿದ ಅಗಸಿಯ ಲೋಳೆಯಂತೆ ನೀರು ಹಿಡಿದುಕೊಂಡಿರುವ ತಿರುಳು. ಎಳೆಯ ವಯಸ್ಸಿನಲ್ಲಿ ಈ ತಿರುಳಿನ ಹೆಚ್ಚಿನ ಪಾಲು ನೀರೇ ಆಗಿರುವದು. ಹಗಲೆಲ್ಲ ಮೈಯ ಭಾರದಿಂದ ಸ್ವಲ್ಪ ನೀರು ಹಿಂಡಿ ಹೋಗಿ, ರಾತ್ರಿ ಮಲಗಿದಾಗ ಮರಳಿ ತುಂಬುವದು. ಆದುದರಿಂದಲೇ ಮನುಷ್ಯನು ಸಂಜೆಗಿಂತ ಮುಂಜಾನೆ ಸುಮಾರು ಒಂದು ಸೆಂಟಿಮೀಟರಿನಷ್ಟು ಎತ್ತರವಾಗಿರುತ್ತಾನೆ. ಇದನ್ನು ಓದಿದ ದಿನ ನಾನು ಗೋಡೆಗೆ ನಿಂತು ಗೆರೆ ಹಾಕಿ ಅಳೆದು ನೋಡಿದೆನು; ಮೊಮ್ಮಗನು ಅಜ್ಜನಿಗೆ ಹುಚ್ಚು ಹಿಡಿಯಿತೆಂದು ಓಣಿಯಲ್ಲೆಲ್ಲ ಹೇಳಿ ಬಂದನು.

ಈ ಸಿಂಬಿಯ ದೊಡ್ಡ ದೈನ್ಯವೆಂದರೆ ದೊಡ್ಡವರಲ್ಲಿ ಅದರ ಒಳಗೆ ರಕ್ತನಾಳಗಳಿಲ್ಲ. ಹೊಲಕ್ಕೆ ಕಾಲುವೆ ಇಲ್ಲದೆ, ಮೇಲಿನ ಹಾಗೂ ಕೆಳಗಿನ ಒಡ್ಡುಗಳಿಂದ ಬಸಿದು ಬಂದ ನೀರಿನಲ್ಲಿಯೇ ಬೆಳೆ ಬರಬೇಕಾದರೆ ಹೇಗೋ, ಹಾಗೆ ಅದು ಎಲುಬಿನ ಅಂಚಿನ ತೆಳುವಾದ ಹಲಗೆಯಿಂದ ಬಸಿದು ಬಂದ ಅನ್ನವನ್ನೇ ಉಂಡು ಬದುಕಬೇಕು. ಕೊಯಮತ್ತೂರಿನ ಡಾಕ್ಟರ್ ಎಸ್. ರಾಜಶೇಖರನ್ ಎಂಬ ಬೆನ್ನೆಲುಬಿನ ತಜ್ಞರು, ರಕ್ತಕ್ಕೆ ಕೊಟ್ಟ ಒಂದು ದ್ರವ್ಯವು ಈ ತಿರುಳನ್ನು ಹೇಗೆ ಮುಟ್ಟುವದೆಂಬುದನ್ನು ಮೇಲಿಂದ ಮೇಲೆ ಚಿತ್ರಗಳನ್ನು ತೆಗೆದು ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದರು. ಎಲುಬಿಗೆ ಕೆಲವು ನಿಮಿಷಗಳಲ್ಲಿ ಮುಟ್ಟಿದ್ದು ತಿರುಳಿಗೆ ಸೇರಲು ತಾಸುಗಟ್ಟಲೆ ಹಿಡಿಯಿತು. ಅಂಚಿನ ಒಡ್ಡು ಕೆಟ್ಟರೆ ತಿರುಳೂ ಕೆಡುವದೆಂಬುದು ಅದರಿಂದ ತಿಳಿದ ಮಾತು.

ಶಸ್ತ್ರಕ್ರಿಯೆ ಮಾಡಬೇಕಾದೀತು ಎಂದು ವೈದ್ಯರು ಅಂದರು. ಕೂಡಲೆ ಅಲ್ಲ ಎಂತಲೂ ಅಂದರು. ನಮ್ಮ ಅಣ್ಣನು ಮೊದಲನೆಯ ಮಾತನ್ನು ಮಾತ್ರ ಕೇಳಿಸಿಕೊಂಡನು. ಊರಿಗೆ ಬರುತ್ತ ದಾರಿಯಲ್ಲಿಯೇ ನದಿಯ ಕಡೆಯ ಎರಡು ಎಕರೆ ಮಾರುವ ಮಾತು ತೆಗೆದನು. “ಹೊಲಾ ಹೋದ್ರ ಹೋಗ್ಲಿ, ಆಕಿ ನಡಾ ನೆಟ್ಟಗಾಗ್ಲಿ” ಎಂದನು. ವೈನಿಯವರು ಕಿಟಕಿಯ ಕಡೆಗೆ ಮುಖ ತಿರುಗಿಸಿ ಕುಳಿತರು. ಹೊಲ ಮಾರುವದಾದರೆ ತಾವು ಶಸ್ತ್ರಕ್ರಿಯೆಗೆ ಒಪ್ಪುವದಿಲ್ಲವೆಂದು ಮನೆಗೆ ಬಂದು ಹೇಳಿದರು. ಇಬ್ಬರೂ ಎರಡು ದಿನ ಮಾತು ಬಿಟ್ಟರು.

ಇನ್ನೊಬ್ಬರ ಅಭಿಪ್ರಾಯ ಕೇಳೋಣವೆಂದು ನಾನು ಒಬ್ಬ ವಯೋವೃದ್ಧ ವೈದ್ಯರಲ್ಲಿಗೆ ಕರೆದುಕೊಂಡು ಹೋದೆನು. ಅವರು ಚಿತ್ರವನ್ನು ಬದಿಗಿಟ್ಟು, ವೈನಿಯವರನ್ನು ನೆಲದ ಮೇಲೆ ಕುಳಿತು ಏಳಲು ಹೇಳಿದರು. ಕೈ ಊರದೆ ಏಳಲು ಆಗಲಿಲ್ಲ. ಮೊಳಕಾಲ ಕೆಳಗಿನ ಎಲುಬನ್ನೂ, ಎದೆಯ ಎಲುಬನ್ನೂ ಬೆರಳಿನಿಂದ ಒತ್ತಿದರೆ ನೋವೆಂದರು. “ತಾಯಿ, ಇದು ಬರೇ ಸಿಂಬಿಯ ನೋವಲ್ಲ, ಕೊಡಗಳೂ ಮೆತ್ತಗಾಗಿವೆ” ಎಂದು ಹೇಳಿ ರಕ್ತ ಪರೀಕ್ಷೆ ಮಾಡಿಸಿದರು. ಡಿ ಜೀವಸತ್ವವು 20ಕ್ಕಿಂತ ಮೇಲಿರಬೇಕಾದಲ್ಲಿ 8 ಇತ್ತು.

ನಾನು ಚಕಿತನಾದೆನು. ಬಿಸಿಲಿನ ನಾಡಿನಲ್ಲಿ ಇದೆಂತಹದು? ಆದರೆ ವೈನಿಯವರ ದಿನಚರಿಯನ್ನು ವೈದ್ಯರು ಕೇಳುತ್ತ ಹೋದಂತೆ ನನಗೆ ನಾಚಿಕೆಯಾಗಹತ್ತಿತು. ನಸುಕಿನಲ್ಲಿ ಎದ್ದು ಕಸ, ನೀರು, ರೊಟ್ಟಿ. ಮೈತುಂಬ ಸೀರೆ, ತಲೆಯ ಮೇಲೆ ಸೆರಗು. ಹೊಲಕ್ಕೆ ಹೋಗುವದು ನಿಂತು ಏಳೆಂಟು ವರುಷವಾಗಿತ್ತು. ಮನೆಯ ಹಿರಿಯಳಾದ ಮೇಲೆ ಹೊಲಕ್ಕೇಕೆ ಎಂದು ನಾವೇ ಬಿಡಿಸಿದ್ದೆವು, ಅದು ಗೌರವವೆಂದು ತಿಳಿದು. ದಪ್ಪ ಗೋಡೆಯ ಅಡಿಗೆಯ ಮನೆಗೆ ಅಂಗೈಯಗಲದ ಬೆಳಕಿಂಡಿ. ಚರ್ಮದ ಮೇಲೆ ಬಿದ್ದು ಈ ಜೀವಸತ್ವವನ್ನು ಹುಟ್ಟಿಸುವ ಕಿರಣವು ಕಿಟಕಿಯ ಗಾಜನ್ನು ಸಹ ದಾಟಲಾರದು. ಮುಂಜಾನೆ ಸಂಜೆಯ ಓರೆ ಬಿಸಿಲಿನಲ್ಲಿ ಅದು ಬಹಳ ಕಡಿಮೆ. ತಿರುಪತಿಯಲ್ಲಿ ಈ ವಿಷಯವನ್ನು ಅಭ್ಯಸಿಸಿದ ಡಾಕ್ಟರ್ ಹರಿನಾರಾಯಣರು, ದಕ್ಷಿಣದಲ್ಲಿ ಹೊತ್ತು 11ರಿಂದ 2ರ ವರೆಗಿನ ಬಿಸಿಲೇ ಇದಕ್ಕೆ ತಕ್ಕದ್ದೆಂದು ಕಂಡಿದ್ದಾರೆ. ಅಂದರೆ ನಾವು ಬಾಗಿಲು ಮುಚ್ಚಿಕೊಂಡು ಮಲಗುವ ಹೊತ್ತು! ಅವರೂ ಅವರ ಜೊತೆಗಾರರೂ 2007ರಲ್ಲಿ ಪ್ರಕಟಿಸಿದ ಅಭ್ಯಾಸದಲ್ಲಿ ಹಳ್ಳಿಯವರಿಗಿಂತ ಪಟ್ಟಣದವರಲ್ಲಿ ಈ ಕೊರತೆ ಹೆಚ್ಚಾಗಿತ್ತು. ಆದರೆ ಹಳ್ಳಿಯವರೂ ಅದರಿಂದ ಪಾರಾಗಿರಲಿಲ್ಲ. ನಮ್ಮ ಕಾಳುಕಡಿಗಳಲ್ಲಿರುವ ಫೈಟೇಟ್ ಎಂಬ ದ್ರವ್ಯವು ಸುಣ್ಣದಂಶವನ್ನು ಹಿಡಿದಿಟ್ಟುಕೊಂಡು ಮೈಗೆ ಹತ್ತಗೊಡುವದಿಲ್ಲವೆಂಬುದನ್ನೂ ಅವರು ಎತ್ತಿ ತೋರಿಸಿದರು. ಜೋಳದಲ್ಲಿ ಅದು ಸಾಕಷ್ಟಿದೆ. ಅದನ್ನು ತುಂಬಿಕೊಡಬೇಕಾದ ಹಾಲೆಲ್ಲಿ? ನಮ್ಮ ಮನೆಯಲ್ಲಿ ಎರಡು ಎಮ್ಮೆ ಇದ್ದರೂ ಹಾಲು ಡೇರಿಗೆ ಹೋಗುತ್ತದೆ, ಉಳಿದದ್ದು ಗಂಡಸರ ಚಹಕ್ಕೆ. ವೈನಿಯವರ ತಟ್ಟೆಗೆ ನೀರುಮಜ್ಜಿಗೆ. ಇದನ್ನು ನಾನು ಐವತ್ತು ವರುಷ ನೋಡಿಯೂ ನೋಡಿರಲಿಲ್ಲ.

ಇದು ಹೊಸ ರೋಗವೇನೂ ಅಲ್ಲ. ಮಕ್ಕಳ ಕಾಲೆಲುಬು ಸೊಟ್ಟಗಾಗುವ ರೋಗಕ್ಕೆ ನೇರಳಾತೀತ ದೀಪದ ಬೆಳಕಿನಿಂದ ಗುಣವಾಗುವದೆಂದು ಬರ್ಲಿನ್ನಿನಲ್ಲಿ ಹುಲ್ಡ್‌ಶಿನ್‌ಸ್ಕಿ ಎಂಬವರು 1919ರಲ್ಲಿ ತೋರಿಸಿದ್ದರು. 1922ರಲ್ಲಿ ಅಮೇರಿಕೆಯ ಮ್ಯಾಕಾಲಂರು ಮೀನೆಣ್ಣೆಯಲ್ಲಿಯ ಈ ಗುಣಕ್ಕೆ ಡಿ ಎಂಬ ಅಕ್ಷರವನ್ನು ಕೊಟ್ಟರು. ನಮ್ಮ ದೇಶದ ಉತ್ತರಭಾಗದ ಸ್ತ್ರೀಯರಲ್ಲಿ ಎಲುಬು ಮೆತ್ತಗಾಗುವ ರೋಗವು ಎಷ್ಟು ಹಬ್ಬಿದೆಯೆಂಬುದನ್ನು ಕುರಿತು ಡಾಕ್ಟರ್ ಡ್ಯಾಗ್ಮರ್ ಕರ್ಜೆಲ್ ವಿಲ್ಸನ್ ಎಂಬ ಮಹಿಳೆಯು 1931ರಷ್ಟು ಹಿಂದೆಯೇ ಬರೆದಿದ್ದಳು. ಇಷ್ಟು ಹಳೆಯ ಮಾತು ನಮ್ಮ ಓಣಿಗೆ ಬರಲು ತೊಂಬತ್ತು ವರುಷ ಹಿಡಿಯಿತು.

ವೃದ್ಧ ವೈದ್ಯರು ಎಂಟು ಪುಡಿಯ ಪೊಟ್ಟಣಗಳನ್ನು ಬರೆದುಕೊಟ್ಟರು. ವಾರಕ್ಕೊಂದು, ಹಾಲಿನಲ್ಲಿ, ಎಂಟು ವಾರ. ಒಂದೊಂದರಲ್ಲಿ 60,000 ಯುನಿಟ್. ಜೊತೆಗೆ ಕ್ಯಾಲ್ಸಿಯಂ ಗುಳಿಗೆ.

ಇನ್ನು ನನ್ನ ಪಾಂಡಿತ್ಯದ ಕಥೆ. ನಿವೃತ್ತ ಮಾಸ್ತರನಿಗೆ ಹೊತ್ತು ಬಹಳ, ನಾನು ಓದಹತ್ತಿದೆನು. ಸಿಂಬಿಯ ಜೀವಕಣಗಳಲ್ಲಿ ಡಿ ಜೀವಸತ್ವವನ್ನು ಹಿಡಿದುಕೊಳ್ಳುವ ಗ್ರಾಹಕಗಳಿವೆಯೆಂದು ಓದಿದೆನು. ಫಿನ್‌ಲಂಡದ ವಿಡೆಮನ್ ಎಂಬವರೂ ಅವರ ಸಂಗಡಿಗರೂ ಅವಳಿ ಗಂಡಸರ ಬೆನ್ನುಗಳನ್ನು ಪರೀಕ್ಷಿಸಿ, ಈ ಗ್ರಾಹಕದ ಆನುವಂಶಿಕ ಭೇದಗಳಿಗೂ ಸಿಂಬಿ ಸವೆಯುವದಕ್ಕೂ ಸಂಬಂಧವಿದೆಯೆಂದು 1998ರಲ್ಲಿ ತೋರಿಸಿದ್ದನ್ನು ಓದಿದೆನು. ರಿಯಾಧದಲ್ಲಿ, ಅಂದರೆ ನಮಗಿಂತ ಬಿಸಿಲು ಹೆಚ್ಚಿದ್ದಲ್ಲಿ, ಬಹುಕಾಲದ ನಡನೋವಿನ 360 ಜನರಲ್ಲಿ ನೂರಕ್ಕೆ 83 ಮಂದಿಗೆ ಈ ಕೊರತೆ ಇತ್ತೆಂದೂ, ಜೀವಸತ್ವ ಕೊಟ್ಟ ಮೇಲೆ ಅವರಿಗೆ ನೋವು ಇಳಿಯಿತೆಂದೂ 2003ರಲ್ಲಿ ಪ್ರಕಟವಾದದ್ದನ್ನು ಓದಿದಾಗಲಂತೂ ಕುಣಿದಾಡಿದೆನು. ವಾರಕ್ಕೊಂದರಿಂದ ಎಲುಬು ಗಟ್ಟಿಯಾಗುವದಾದರೆ ದಿನಕ್ಕೊಂದರಿಂದ ಸಿಂಬಿಯೂ ತುಂಬಬಾರದೇಕೆ? ಹೊಲವೂ ಉಳಿದೀತು, ವೈನಿಯವರ ನಡವೂ ಉಳಿದೀತು, ನನ್ನ ಓದೂ ಒಂದು ದಿನ ಮನೆಗೆ ಉಪಯೋಗಕ್ಕೆ ಬಂದೀತು. ಔಷಧದ ಅಂಗಡಿಯಲ್ಲಿ ಪೊಟ್ಟಣಗಳು ಚೀಟಿಯಿಲ್ಲದೆ ಸಿಕ್ಕವು.

“ತಮ್ಮಾ, ಡಾಕ್ಟರು ವಾರಕ್ಕೊಂದು ಅಂದಿದ್ರಲ್ಲೋ?” ಎಂದು ವೈನಿಯವರು ಮೂರನೆಯ ದಿನವೇ ಕೇಳಿದರು.

“ನಿಮಗ ಅದೆಲ್ಲಾ ತಿಳಿಯೂದಿಲ್ಲ ವೈನಿ, ಸುಮ್ಮ ಕುಡೀರಿ” ಎಂದೆನು.

ಅವರು ಕುಡಿದರು. 52 ದಿನ ಕುಡಿದರು. ಮೊದಲ ಮೂರು ನಾಲ್ಕು ವಾರಗಳಲ್ಲಿ ಮೈಕೈ ನೋವು ಇಳಿದು, ನೆಲದಿಂದ ಏಳುವದು ಸುಲಭವಾಯಿತು. ನಾನು ಅಣ್ಣನ ಮುಂದೆ ಮೀಸೆ ತಿರುವಿದೆನು. ಆಮೇಲೆ ಊಟ ಸೇರದಾಯಿತು. ಬಾಯಾರಿಕೆ ಹೆಚ್ಚಾಗಿ ರಾತ್ರಿ ಐದಾರು ಸಾರೆ ಏಳುವರು. ಮಲಬದ್ಧತೆ, ಓಕರಿಕೆ. ಪಿತ್ತವೆಂದು ಲಿಂಬೆಹಣ್ಣಿನ ಪಾನಕ ಕೊಟ್ಟೆವು; ಇಂಡಿಯ ಲಿಂಬೆಗೆ ನಮ್ಮಲ್ಲಿ ಕೊರತೆಯೇನು? ಒಂದು ಮುಂಜಾನೆ ಅವರು ನನ್ನನ್ನು ನೋಡಿ ನನ್ನ ತಂದೆಯವರ ಹೆಸರು ಹಿಡಿದು, ಮಾವನವರು ಯಾವಾಗ ಬಂದರು ಎಂದು ಕೇಳಿದರು. ನನ್ನ ಕೈಕಾಲು ತಣ್ಣಗಾದವು.

ಆಸ್ಪತ್ರೆಯಲ್ಲಿ ರಕ್ತದಲ್ಲಿಯ ಕ್ಯಾಲ್ಸಿಯಂ 10ರ ಆಸುಪಾಸು ಇರಬೇಕಾದದ್ದು 13 ದಾಟಿತ್ತು. ತರುಣ ವೈದ್ಯನೊಬ್ಬನು ಯಾವ ಯಾವ ಔಷಧವೆಂದು ಕೇಳಿದಾಗ ಖಾಲಿ ಪೊಟ್ಟಣಗಳ ಕಟ್ಟನ್ನು ತೋರಿಸಿದೆನು. ಅವನು ಎಣಿಸಿ, ಬೈಯದೆ, ಒಂದು ಕಾಗದದ ಮೇಲೆ ಲೆಕ್ಕ ಮಾಡಿ ನನ್ನ ಮುಂದಿಟ್ಟನು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು 2020ರಲ್ಲಿ ದೊಡ್ಡವರಿಗೆ ಹೇಳಿದ ಪ್ರಮಾಣ ದಿನಕ್ಕೆ 600 ಯುನಿಟ್. ಒಂದು ಪೊಟ್ಟಣವೆಂದರೆ ನೂರು ದಿನದ್ದು. ನಾನು 52 ದಿನಗಳಲ್ಲಿ ಕುಡಿಸಿದ್ದು ಹದಿನಾಲ್ಕು ವರುಷದ ಜೀವಸತ್ವ. ಬಿಸಿಲಿನಿಂದಾದರೆ ಈ ಅತಿರೇಕ ಆಗುವದಿಲ್ಲ, ಹೆಚ್ಚಾದದ್ದನ್ನು ಬಿಸಿಲೇ ಚರ್ಮದಲ್ಲಿ ಮುರಿದುಹಾಕುವದು. ಪೊಟ್ಟಣಕ್ಕೆ ಆ ವಿವೇಕವಿಲ್ಲ. ಅದು ಮೈಯ ಕೊಬ್ಬಿನಲ್ಲಿ ಸೇರಿಕೊಂಡು ತಿಂಗಳುಗಟ್ಟಲೆ ಕೂಡ್ರುವದು. ರಕ್ತದಲ್ಲಿ ಹೆಚ್ಚಾದ ಸುಣ್ಣದಂಶ ಮೂತ್ರಪಿಂಡಗಳನ್ನು ಕೆಡಿಸಬಲ್ಲದು. ಆ ವರುಷದ ಯುಗಾದಿಯನ್ನು ನಾವು ಆಸ್ಪತ್ರೆಯ ಪಡಸಾಲೆಯಲ್ಲಿ ಮಾಡಿದೆವು. ರಕ್ತನಾಳದಿಂದ ಸಲಾಯಿನ್ ಹೋಗುತ್ತಿತ್ತು. ಅಣ್ಣನು ನನಗೆ ಒಂದು ಮಾತೂ ಅನ್ನಲಿಲ್ಲ, ಅಂದಿದ್ದರೆ ಹಗುರಾಗುತ್ತಿತ್ತು. ಒಂಬತ್ತನೆಯ ದಿನ ವೈನಿಯವರು ನನ್ನನ್ನು ಗುರುತಿಸಿ, ಚಹ ಕುಡಿದೆಯೇನೋ ಎಂದು ಕೇಳಿದರು. ಮೂತ್ರಪಿಂಡಗಳು ಉಳಿದಿದ್ದವು.

ಆ ಮೇಲೆ ನಾನು ಮೊದಲು ಅರ್ಧ ಓದಿ ಬಿಟ್ಟದ್ದನ್ನು ಪೂರ್ತಿಯಾಗಿ ಓದಿದೆನು. ರಿಯಾಧದ ಅಭ್ಯಾಸದಲ್ಲಿ ಜೀವಸತ್ವ ಕೊಡದೆ ಇಟ್ಟ ಇನ್ನೊಂದು ಗುಂಪಿರಲಿಲ್ಲ. ನಡನೋವು ಎಷ್ಟೋ ಸಾರೆ ತಾನಾಗಿಯೇ ಇಳಿಯುವದು. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ 2018ರಲ್ಲಿ ನೋಡಿದಾಗ, ನಡನೋವಿಗೆಂದು ಡಿ ಜೀವಸತ್ವವನ್ನು ಕೊಟ್ಟದ್ದು ಸುಳ್ಳು ಗುಳಿಗೆಗಿಂತ ಹೆಚ್ಚಿನ ಗುಣವನ್ನೇನೂ ತೋರಲಿಲ್ಲ. ಕೊರತೆಯೂ ನೋವೂ ಜೊತೆಯಾಗಿ ಕಾಣುವದು ನಿಜ. ಆದರೆ ನಡ ನೋಯುವವರು ಮನೆ ಬಿಟ್ಟು ಹೊರಬೀಳಲಾರರು, ಬಿಸಿಲು ಕಾಣಲಾರರು, ಆದುದರಿಂದ ಯಾವುದು ಹಿಂದಿನದು ಯಾವುದು ಮುಂದಿನದು ಎಂದು ಹೇಳುವದು ಕಠಿಣ. ಫಿನ್‌ಲಂಡದ ಅವಳಿಗಳು ಹೇಳಿದ್ದಾದರೂ ಹುಟ್ಟಿನಿಂದ ಬಂದ ಗ್ರಾಹಕದ ಬಗೆಯನ್ನು ಕುರಿತು. ಪುಡಿ ಕುಡಿದರೆ ಸಿಂಬಿ ತುಂಬುವದೆಂದು ಅವರು ಹೇಳಿರಲಿಲ್ಲ. ಇನ್ನು ಆ ಚಿತ್ರದ ಭಯ. ನೋವೇ ಇಲ್ಲದ 3,110 ಜನರ ಚಿತ್ರಗಳ ಲೆಕ್ಕ 2015ರಲ್ಲಿ ಹೊರಬಿತ್ತು: ಇಪ್ಪತ್ತು ವರುಷದವರಲ್ಲಿಯೇ ನೂರಕ್ಕೆ 37 ಮಂದಿಗೆ, ಎಂಬತ್ತರವರಲ್ಲಿ 96 ಮಂದಿಗೆ ಸಿಂಬಿ ಸವೆದಿತ್ತು. ತಲೆ ನರೆಯುವಂತೆ ಅದೂ ನರೆಯುವದು. ವೈನಿಯವರಿಗೆ ಗುಣವಾದದ್ದು ಎಲುಬಿನ ಮತ್ತು ಸ್ನಾಯುಗಳ ನೋವು; ಅದಕ್ಕೆ ಎಂಟು ಪೊಟ್ಟಣಗಳು ಸಾಕಾಗಿದ್ದವು.

ಕಾಲಿನ ನೋವು? ಅದು ಆಸ್ಪತ್ರೆಯಿಂದ ಬಂದ ಮೇಲೆ ಮೆಲ್ಲಮೆಲ್ಲನೆ, ಯಾರ ಉಪಚಾರಕ್ಕೂ ಕಾಯದೆ, ಇಳಿಯಿತು. ಉಬ್ಬಿದ ಸಿಂಬಿಯು ನರದ ಮೇಲಿಂದ ತಾನೇ ಹಿಂದೆ ಸರಿಯುವದು ಬಹಳ ಮಂದಿಯಲ್ಲಿ ಕಾಣುವ ಸಂಗತಿಯೆಂದು ಮೊದಲನೆಯ ವೈದ್ಯರು ಆಗ ಬಿಡಿಸಿ ಹೇಳಿದರು. ಪಾದ ಎತ್ತಲು ಬಾರದಾದರೆ, ಮೂತ್ರ ಕಟ್ಟಿದರೆ ಇಲ್ಲವೆ ತಡೆಯಲಾಗದಿದ್ದರೆ, ಕೂಡ್ರುವ ಜಾಗದಲ್ಲಿ ಜೋಮು ಹಿಡಿದರೆ ಮಾತ್ರ ಒಂದು ಗಳಿಗೆಯೂ ತಡಮಾಡದೆ ಬರಬೇಕೆಂದರು. ಎರಡು ಎಕರೆ ಹೊಲ ಉಳಿಯಿತು. ಅದರಲ್ಲಿ ನನ್ನ ಪಾಲಿನ ಪುಣ್ಯ ಏನೂ ಇಲ್ಲ.

ಈಗ ನಮ್ಮ ಮನೆಯಲ್ಲಿ ಒಲೆಯು ಕಟ್ಟೆಯ ಮೇಲಿದೆ. ವೈನಿಯವರು ನಿಂತು ರೊಟ್ಟಿ ಬಡಿಯುತ್ತಾರೆ, ನಿಂತು ಬಡಿದ ರೊಟ್ಟಿಗೆ ರುಚಿಯಿಲ್ಲವೆಂದು ದಿನಾಲು ಗೊಣಗುತ್ತಾರೆ. ಕೊಡ ಎತ್ತುವದು ಗಂಡುಹುಡುಗರ ಕೆಲಸ. ಒಂದು ಹೊತ್ತಿನ ಹಾಲು ಡೇರಿಗೆ ಹೋಗುವದಿಲ್ಲ. ಚಳಿಗಾಲದಲ್ಲಿ ಹೊತ್ತು ಹನ್ನೊಂದಾಯಿತೆಂದರೆ ಅವರು ಮೊರ ಹಿಡಿದು ಮಾಳಿಗೆಯೇರಿ, ತಲೆಗೆ ಸೆರಗು ಹೊದ್ದು, ತೋಳೂ ಮೊಳಕಾಲ ಕೆಳಗಿನ ಕಾಲೂ ಬಿಸಿಲಿಗೆ ಬಿಟ್ಟು, ಅರ್ಧ ತಾಸು ಕಾಳು ಹಸನು ಮಾಡುತ್ತಾರೆ. ಬೇಸಿಗೆಯಲ್ಲಿ ಅಷ್ಟು ಹೊತ್ತು ಕೂಡ್ರಗೊಡುವದಿಲ್ಲ. ಓಣಿಯ ಇನ್ನೂ ನಾಲ್ಕೈದು ಹೆಂಗಸರು ಅಲ್ಲಿ ಕೂಡಿಕೊಂಡಿದ್ದಾರೆ. ಅಲ್ಲಿ ನಡೆಯುವ ಮಾತುಕತೆ ಕೆಳಗೆ ಕೇಳಿಸುವದಿಲ್ಲ, ನಗೆ ಮಾತ್ರ ಕೇಳಿಸುವದು.

ವರುಷ ಕಳೆದ ಮೇಲೆ ರಕ್ತ ಪರೀಕ್ಷಿಸಿ ವೃದ್ಧ ವೈದ್ಯರು ತಿಂಗಳಿಗೊಂದು ಪೊಟ್ಟಣ ಸಾಕೆಂದು ಮತ್ತೆ ಬರೆದುಕೊಟ್ಟರು. ನಾನು ಅವನ್ನು ತಂದು ಗೂಡಿನಲ್ಲಿ ಇಡಹೋದೆನು. ವೈನಿಯವರು ಕೈಯಿಂದ ಇಸಿದುಕೊಂಡು, ಸೆರಗಿನಲ್ಲಿ ಕಟ್ಟಿ, “ಇದಕ್ಕ ನೀ ಕೈ ಹಚ್ಚಬ್ಯಾಡ ತಮ್ಮಾ, ಈ ಲೆಕ್ಕ ನನಗ ಬರ್ತೈತಿ” ಎಂದರು. ಅಡಿಗೆಯ ಮನೆಯ ಗೋಡೆಯ ಮೇಲೆ, ಬೆಳಕಿಂಡಿಯ ಮಗ್ಗುಲಲ್ಲಿ, ಅಮಾವಾಸ್ಯೆಗೊಂದು ಇದ್ದಿಲಿನ ಗೆರೆ ಬೀಳುತ್ತ ಬಂದಿದೆ. ಮೊನ್ನೆ ನೀರು ಕುಡಿಯಲು ಒಳಗೆ ಹೋದಾಗ ಎಣಿಸಿದೆನು. ಒಂದೂ ಹೆಚ್ಚಿಲ್ಲ.